ಹೀರೋ ಗುದ್ದಿದರೆ ವಿಲನ್ ಹಾರುವುದೇಕೆ?

ಮಕ್ಕಳೇ, ನಾನು ಕಣ್ಣಾರೆ ಕಂಡ ಒಂದು ಸಂಗತಿಯಿಂದ ಆರಂಭಿಸೋಣ.

ಶಾಲೆಗಳಿಗೆ ಹೋಗಿ ವಿಜ್ಞಾನದ ಚಟುವಟಿಕೆಗಳನ್ನು ಮಾಡಿಸುವುದು ನನ್ನ ಕೆಲಸ. ಒಂದು ಸೋಮವಾರ ಹಳ್ಳಿಯೊಂದರ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಏಳನೇ ತರಗತಿಯಲ್ಲಿ ಎರಡು ಜಾಗ ಖಾಲಿ ಇದ್ದವು. ಏಕೆಂದು ವಿಚಾರಿಸಿದಾಗ ವಿಷಯ ತಿಳಿಯಿತು. ಹಿಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಇಬ್ಬರು ಗೆಳೆಯರು ಸಿನಿಮಾದ ಫೈಟಿಂಗ್ ಆಟ ಆಡಿದ್ದರು. ಒಬ್ಬ ಹೀರೋ, ಇನ್ನೊಬ್ಬ ವಿಲನ್. ಹೀರೋ ಧ್ವಜಕಟ್ಟೆಯ ಮೇಲಿಂದ ಹಾರಿ ವಿಲನ್ನನ ಎದೆಗೆ ಒದ್ದ. ವಿಲನ್ ಹಿಮ್ಮುಖವಾಗಿ ಬಿದ್ದ. ತಲೆ ಕಲ್ಲಿಗೆ ಬಡಿಯಿತು. ಎದ್ದು ನಕ್ಕು, ಮನೆಗೆ ಹೋದ. ಬೈಯುತ್ತಾರೆಂಬ ಹೆದರಿಕೆಯಿಂದ ಯಾರಿಗೂ ಹೇಳಲಿಲ್ಲ. ರಾತ್ರಿ ಎರಡು ಸಲ ವಾಂತಿಯಾಯಿತು. ತಾಯಿ ಗಾಬರಿಯಾಗಿ ಆಸ್ಪತ್ರೆಗೆ ಕರೆದೊಯ್ದರು. ಮೂರು ದಿನ ವೈದ್ಯರ ನಿಗಾದಲ್ಲಿದ್ದು, ಪುಣ್ಯಕ್ಕೆ ಗುಣವಾಗಿ ಬಂದ.

ಹೀರೋನ ಕಥೆ ಏನಾಯಿತು? ಅವನೂ ಬಿದ್ದಿದ್ದ. ಬಲಗೈಯ ಮಣಿಕಟ್ಟಿನ ಮೂಳೆ ಮುರಿದಿತ್ತು.

ಎರಡು ವಾರಗಳ ನಂತರ ಮತ್ತೆ ಅದೇ ಶಾಲೆಗೆ ಹೋದೆ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಹುಡುಗ ಮೆಲ್ಲಗೆ ಎದ್ದು ನಿಂತ. "ಸರ್, ಒದ್ದವನು ನಾನು. ಸಿನಿಮಾದಲ್ಲಿ ಒದ್ದವನು ಗಟ್ಟಿಯಾಗಿ ನಿಂತಿರ್ತಾನೆ. ನಾನ್ಯಾಕೆ ಬಿದ್ದೆ ಸರ್?" ಎಂದು ಕೇಳಿದ.

ತರಗತಿಯಲ್ಲಿ ಎಲ್ಲರೂ ನಕ್ಕರು. ಆದರೆ ಅದು ನಗುವ ಪ್ರಶ್ನೆಯಲ್ಲ, ಒಳ್ಳೆಯ ವಿಜ್ಞಾನದ ಪ್ರಶ್ನೆ. ಅಂದು ಪಾಠ ಬದಿಗಿಟ್ಟು ಅದಕ್ಕೇ ಉತ್ತರ ಹುಡುಕಿದೆವು. ಬನ್ನಿ, ನೀವೂ ಹುಡುಕಿ.

ತಳ್ಳಿದವನನ್ನೂ ತಳ್ಳುತ್ತದೆ

ಮೊದಲು ಒಂದು ಸಣ್ಣ ಚಟುವಟಿಕೆ. ನುಣುಪಾದ ನೆಲದ ಮೇಲೆ ಒಂದು ಗೋಣಿಚೀಲ ಹಾಸಿ, ಗೋಡೆಗೆ ಎದುರಾಗಿ ಅದರ ಮೇಲೆ ಕುಳಿತುಕೊಳ್ಳಿ. ಕಾಲುಗಳಿಂದ ಗೋಡೆಯನ್ನು ತಳ್ಳಿ. ಏನಾಯಿತು? ಗೋಡೆ ಅಲುಗಲಿಲ್ಲ, ನೀವೇ ಹಿಂದಕ್ಕೆ ಜಾರಿದಿರಿ. ನೀವು ಗೋಡೆಯನ್ನು ತಳ್ಳಿದಾಗ ಗೋಡೆಯೂ ನಿಮ್ಮನ್ನು ಅಷ್ಟೇ ಬಲದಿಂದ ತಳ್ಳಿತು. ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ. ಇದೇ ನ್ಯೂಟನ್ನನ ಮೂರನೆಯ ನಿಯಮ.

ನೆಲದ ಮೇಲೆ ಗಟ್ಟಿಯಾಗಿ ನಿಂತು ಗುದ್ದುವವನಿಗೂ ಇದೇ ಪ್ರತಿಕ್ರಿಯೆ ಬರುತ್ತದೆ. ಆದರೆ ಅವನ ಪಾದ ಮತ್ತು ನೆಲದ ನಡುವೆ ಘರ್ಷಣೆ ಇದೆ. ಅವನು ಪ್ರತಿಕ್ರಿಯೆಯನ್ನು ಕಾಲುಗಳ ಮೂಲಕ ಭೂಮಿಗೆ ದಾಟಿಸುತ್ತಾನೆ. ಗಾಳಿಯಲ್ಲಿ ಹಾರಿ ಒದೆಯುವವನಿಗೆ ಕಾಲ ಕೆಳಗೆ ನೆಲವೇ ಇಲ್ಲ! ಒದ್ದ ಕೂಡಲೇ ಅವನ ಮುನ್ನುಗ್ಗುವಿಕೆ ನಿಲ್ಲುತ್ತದೆ, ಮೈ ತಿರುಗುತ್ತದೆ, ದೊಪ್ಪನೆ ಕೆಳಗೆ ಬೀಳುತ್ತಾನೆ. ಬೀಳುವಾಗ ನಾವೆಲ್ಲ ಯೋಚಿಸದೆ ಮಾಡುವ ಕೆಲಸ ಕೈ ಊರುವುದು. ಇಡೀ ದೇಹದ ಭಾರ ಸಣ್ಣ ಮಣಿಕಟ್ಟಿನ ಮೇಲೆ ಬೀಳುತ್ತದೆ. ನಮ್ಮ ಹೀರೋಗೆ ಆದದ್ದು ಇದೇ.

ಒಂದು ಗುದ್ದಿನ ಲೆಕ್ಕ

ಸಿನಿಮಾದಲ್ಲಿ ಹೀರೋ ಒಂದು ಗುದ್ದು ಕೊಟ್ಟರೆ ವಿಲನ್ ಹತ್ತು ಅಡಿ ಹಾರಿ, ತರಕಾರಿ ಗಾಡಿಯ ಮೇಲೆ ಬಿದ್ದು, ಟೊಮ್ಯಾಟೊ ಎಲ್ಲ ಚೆಲ್ಲಾಪಿಲ್ಲಿ! ನಿಜವಾಗಿಯೂ ಹೀಗಾಗಬಹುದೆ? ಲೆಕ್ಕ ಹಾಕೋಣ.

ಚಲಿಸುವ ವಸ್ತುವಿನ ದ್ರವ್ಯರಾಶಿಯನ್ನು ಅದರ ವೇಗದಿಂದ ಗುಣಿಸಿದರೆ ಬರುವುದು ಸಂವೇಗ. ಒಂದು ವಸ್ತು ಇನ್ನೊಂದಕ್ಕೆ ಬಡಿದಾಗ ಒಂದರ ಸಂವೇಗ ಇನ್ನೊಂದಕ್ಕೆ ಹೋಗುತ್ತದೆ. ಗೋಲಿ ಆಡುವಾಗ ನೋಡಿರುತ್ತೀರಿ. ಹೊಡೆದ ಗೋಲಿ ನಿಲ್ಲುತ್ತದೆ, ಪೆಟ್ಟು ತಿಂದ ಗೋಲಿ ಓಡುತ್ತದೆ. ಆದರೆ ಅದೇ ಗೋಲಿಯನ್ನು ಇಟ್ಟಿಗೆಗೆ ಹೊಡೆದರೆ ಇಟ್ಟಿಗೆ ಅಲುಗುವುದೇ ಇಲ್ಲ.

ಒಲಿಂಪಿಕ್ ಮಟ್ಟದ ಬಾಕ್ಸರುಗಳ ಗುದ್ದನ್ನು ವಿಜ್ಞಾನಿಗಳು ಉಪಕರಣಗಳಿಂದ ಅಳೆದಿದ್ದಾರೆ. ಮುಷ್ಟಿಯ ವೇಗ ಸೆಕೆಂಡಿಗೆ ಸುಮಾರು 9 ಮೀಟರು. ಗುದ್ದಿನ ಪೆಟ್ಟು ಸುಮಾರು 3 ಕಿ.ಗ್ರಾಂ ದ್ರವ್ಯರಾಶಿಯ ವಸ್ತು ಆ ವೇಗದಲ್ಲಿ ಬಂದು ಬಡಿದಂತಿರುತ್ತದೆ. ಹಾಗಾದರೆ,

ಮುಷ್ಟಿಯ ಸಂವೇಗ = 3 × 9 = 27

ಪೆಟ್ಟು ತಿಂದವನ ದ್ರವ್ಯರಾಶಿ 70 ಕಿ.ಗ್ರಾಂ ಎಂದುಕೊಳ್ಳಿ. ಅಷ್ಟೂ ಸಂವೇಗ ಅವನಿಗೇ ಹೋದರೂ,

ಅವನ ವೇಗ = 27 ÷ 70 = ಸೆಕೆಂಡಿಗೆ ಸುಮಾರು 0.4 ಮೀಟರು

ಎಂದರೆ ಸೆಕೆಂಡಿಗೆ 40 ಸೆಂಟಿಮೀಟರು. ನಾವು ಆರಾಮವಾಗಿ ನಡೆಯುವಾಗಲೇ ಸೆಕೆಂಡಿಗೆ ಒಂದು ಮೀಟರಿಗಿಂತ ಹೆಚ್ಚು ಸಾಗುತ್ತೇವೆ. ಒಲಿಂಪಿಕ್ ಬಾಕ್ಸರ್ ಗುದ್ದಿದರೂ ಎದುರಾಳಿ ಅರ್ಧ ಹೆಜ್ಜೆ ಹಿಂದಕ್ಕೆ ಸರಿಯಬಹುದು ಅಥವಾ ಇದ್ದಲ್ಲೇ ಕುಸಿಯಬಹುದು. ಹಾರುವುದಂತೂ ಇಲ್ಲ.

ಇನ್ನು ಹಾರಿಸಲೇಬೇಕೆಂದರೆ? ನಿಂತವನು ಹಾರಿ ನೆಲಕ್ಕೆ ಬೀಳಲು ಸುಮಾರು ಅರ್ಧ ಸೆಕೆಂಡು ಸಾಕು. ಆ ಅರ್ಧ ಸೆಕೆಂಡಿನಲ್ಲಿ ಅವನು 3 ಮೀಟರು, ಎಂದರೆ ಹತ್ತು ಅಡಿ ಸಾಗಬೇಕು. ಅದಕ್ಕೆ ಸೆಕೆಂಡಿಗೆ 6 ಮೀಟರು ವೇಗ ಬೇಕು. ಬೇಕಾದ ಸಂವೇಗ 70 × 6 = 420. ಅದನ್ನು 3 ಕಿ.ಗ್ರಾಂನಿಂದ ಭಾಗಿಸಿದರೆ ಮುಷ್ಟಿಯ ವೇಗ ಸೆಕೆಂಡಿಗೆ 140 ಮೀಟರು. ಗಂಟೆಗೆ 504 ಕಿ.ಮೀ.! ಇಷ್ಟು ವೇಗದಲ್ಲಿ ಕೈ ಬೀಸಬಲ್ಲ ಮನುಷ್ಯ ಹುಟ್ಟಿಲ್ಲ. ಹಾಗೆ ಬೀಸಿದರೂ ಅವನ ಕೈ ಮೂಳೆಗಳೇ ಪುಡಿಯಾಗುತ್ತವೆ.

"ಹಾಗಾದರೆ ಗುದ್ದಿದರೆ ಏನೂ ಆಗೋದಿಲ್ವಾ ಸರ್?" ಎಂದು ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು. ಅಲ್ಲೇ ಇರುವುದು ಅಪಾಯ. ಆ ಅಳತೆಗಳಲ್ಲಿ ಬಾಕ್ಸರನ ಗುದ್ದಿನ ಬಲ ಸುಮಾರು 3400 ನ್ಯೂಟನ್ ಇತ್ತು. ಸುಮಾರು 350 ಕಿ.ಗ್ರಾಂ ಭಾರಕ್ಕೆ, ಎಂದರೆ 50 ಕಿ.ಗ್ರಾಂನ ಏಳು ಅಕ್ಕಿ ಮೂಟೆಗಳ ಭಾರಕ್ಕೆ ಅದು ಸಮ. ಆದರೆ ಅದು ಇರುವುದು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಹೊತ್ತು ಮಾತ್ರ. ಇಷ್ಟು ಕಡಿಮೆ ಹೊತ್ತಿನಲ್ಲಿ ಇಡೀ ದೇಹವನ್ನು ದೂರ ಎಸೆಯಲಾಗದು. ಆದರೆ ಪೆಟ್ಟು ಬಿದ್ದ ಜಾಗದ ಮೂಳೆಯನ್ನು ಮುರಿಯಲು, ತಲೆಯನ್ನು ಝಾಡಿಸಲು ಅದು ಸಾಕು.

ಇಲ್ಲಿ ಒಂದು ಮಾತು ನೆನಪಿಡಿ. ಸಿನಿಮಾದಲ್ಲಿ ಹಾರಾಟ ಹೆಚ್ಚು, ಗಾಯ ಕಡಿಮೆ. ನಿಜದಲ್ಲಿ ಹಾರಾಟ ಕಡಿಮೆ, ಗಾಯ ಹೆಚ್ಚು.

ಪರದೆಯ ಮೇಲೆ ಹಾರುವುದು ಹೇಗೆ?

ಸಿನಿಮಾದಲ್ಲಿ ವಿಲನ್ನನನ್ನು ಹಾರಿಸುವುದು ಮುಷ್ಟಿಯಲ್ಲ, ತಂತಿ. ನಟನ ಬಟ್ಟೆಯ ಒಳಗೆ ಸೊಂಟಕ್ಕೆ, ಎದೆಗೆ ಗಟ್ಟಿಯಾದ ಪಟ್ಟಿ ಕಟ್ಟಿರುತ್ತಾರೆ. ಅದಕ್ಕೆ ಸಣ್ಣ ಉಕ್ಕಿನ ತಂತಿ ಜೋಡಿಸಿ ರಾಟೆಯ ಮೇಲೆ ಹಾಯಿಸುತ್ತಾರೆ. ಹೀರೋ ಕೈ ಬೀಸಿದ ಕ್ಷಣಕ್ಕೆ ಸರಿಯಾಗಿ ಹಿಂದಿನಿಂದ ಕೆಲವರು ಎಳೆಯುತ್ತಾರೆ. ಬಾವಿಯಿಂದ ನೀರು ಸೇದುವ ರಾಟೆ ಗೊತ್ತಲ್ಲ, ಅದೇ ತತ್ತ್ವ! ಬೀಳುವ ಜಾಗದಲ್ಲಿ ದಪ್ಪನೆಯ ಹಾಸಿಗೆ ಇರುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ತಂತಿಯನ್ನು ಚಿತ್ರದಿಂದ ಅಳಿಸಿಬಿಡುತ್ತಾರೆ. 1999ರ 'ದಿ ಮ್ಯಾಟ್ರಿಕ್ಸ್', 2000ದ 'ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್' ಚಿತ್ರಗಳಲ್ಲಿ ಜನ ಗಾಳಿಯಲ್ಲಿ ತೇಲುತ್ತಾ ಹೊಡೆದಾಡುವುದು ಹೀಗೆಯೇ. ಎರಡೂ ಚಿತ್ರಗಳ ಹೊಡೆದಾಟ ಹೆಣೆದವರು ಯೂಎನ್ ವೂ-ಪಿಂಗ್.

ಹಾಗಾದರೆ ಮುಷ್ಟಿ ಮುಖಕ್ಕೆ ತಾಗುವುದು? ಅದೂ ಇಲ್ಲ. ಇದನ್ನು ತಿಳಿಯಲು ಇನ್ನೊಂದು ಚಟುವಟಿಕೆ ಮಾಡಿ.

ಮಾಡಿ ನೋಡಿ: ಒಂಟಿ ಕಣ್ಣಿನ ಆಟ

ಎರಡು ಪೆನ್ಸಿಲ್ ತೆಗೆದುಕೊಳ್ಳಿ. ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು, ಕೈಗಳನ್ನು ಮುಂದೆ ಚಾಚಿ. ಮೊನೆಗಳು ಎದುರುಬದುರಾಗಿರಲಿ. ಈಗ ಒಂದು ಕಣ್ಣು ಮುಚ್ಚಿಕೊಂಡು, ಎರಡೂ ಮೊನೆಗಳು ತಾಗುವಂತೆ ಮಾಡಿ. ಎಷ್ಟು ಸಲ ತಪ್ಪಿತು? ಎರಡೂ ಕಣ್ಣು ತೆರೆದು ಮತ್ತೆ ಮಾಡಿ. ಈಗ ಸುಲಭ.

ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ಸ್ವಲ್ಪ ಬೇರೆ ಬೇರೆ ಕಡೆಯಿಂದ ನೋಡುತ್ತವೆ. ಮಿದುಳು ಆ ಎರಡು ಚಿತ್ರಗಳನ್ನು ಹೋಲಿಸಿ, ಯಾವುದು ಹತ್ತಿರ, ಯಾವುದು ದೂರ ಎಂದು ತಿಳಿಯುತ್ತದೆ. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು. ಹೀರೋನ ಬೆನ್ನ ಹಿಂದೆ ಕ್ಯಾಮೆರಾ ಇಟ್ಟರೆ, ಮುಷ್ಟಿ ವಿಲನ್ನನ ಮುಖದ ಮುಂದೆ ಒಂದು ಗೇಣು ದೂರದಲ್ಲಿ ಹಾದುಹೋದರೂ ಮುಖಕ್ಕೆ ಬಡಿದಂತೆಯೇ ಕಾಣುತ್ತದೆ. ಅದೇ ಕ್ಷಣದಲ್ಲಿ ವಿಲನ್ ತಲೆ ತಿರುಗಿಸಿ "ಆ!" ಎನ್ನಬೇಕು. ಆದ್ದರಿಂದ ಆ ದೃಶ್ಯದಲ್ಲಿ ಹೆಚ್ಚು ಕೆಲಸ ಹೊಡೆಯುವವನದಲ್ಲ, ಹೊಡೆಸಿಕೊಳ್ಳುವವನದು!

"ಡಿಶುಂ" ಎಂಬ ಸದ್ದು ಕೂಡ ಮುಖದಿಂದ ಬಂದದ್ದಲ್ಲ. ಚಿತ್ರೀಕರಣ ಮುಗಿದ ಮೇಲೆ ಸ್ಟುಡಿಯೋದಲ್ಲಿ ಚರ್ಮ, ಹಾಸಿಗೆ, ತರಕಾರಿ ಮುಂತಾದವುಗಳನ್ನು ಬಡಿದು ಸದ್ದು ಮಾಡಿ, ಚಿತ್ರಕ್ಕೆ ಜೋಡಿಸುತ್ತಾರೆ.

ವೇಗವೂ ಹಾಗೆಯೇ. ಸಿನಿಮಾದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 24 ಸ್ಥಿರಚಿತ್ರಗಳು ಒಂದರ ಹಿಂದೆ ಒಂದು ಬರುತ್ತವೆ. ಹೊಡೆದಾಟವನ್ನು ಸೆಕೆಂಡಿಗೆ 18 ಚಿತ್ರಗಳಂತೆ 4 ಸೆಕೆಂಡು ತೆಗೆದರೆ 72 ಚಿತ್ರಗಳಾದವು. ಅವನ್ನು ಸೆಕೆಂಡಿಗೆ 24ರಂತೆ ತೋರಿಸಿದರೆ 3 ಸೆಕೆಂಡಿನಲ್ಲಿ ಮುಗಿಯುತ್ತದೆ. ನಾಲ್ಕು ಸೆಕೆಂಡಿನ ಕೆಲಸ ಮೂರೇ ಸೆಕೆಂಡಿನಲ್ಲಿ! ನಟ ಮಿಂಚಿನಂತೆ ಕಾಣುತ್ತಾನೆ.

ಇದೆಲ್ಲ ಮೋಸವೆ? ಅಲ್ಲ, ಇದು ಕಲೆ. ಯಕ್ಷಗಾನದ ಯುದ್ಧ ಕುಣಿತ ನೋಡಿದ್ದೀರಾ? ಚೆಂಡೆಯ ಪೆಟ್ಟಿಗೆ ಸರಿಯಾಗಿ ಇಬ್ಬರು ವೀರರು ಸುತ್ತಿ ಸುತ್ತಿ ಕುಣಿಯುತ್ತಾರೆ. ಒಬ್ಬರ ಮೈ ಒಬ್ಬರಿಗೆ ತಾಗುವುದಿಲ್ಲ. ಆದರೂ ಭಾರಿ ಯುದ್ಧ ನಡೆದಂತೆ ನಮಗೆ ಅನಿಸುತ್ತದೆ. ಸಿನಿಮಾದ ಹೊಡೆದಾಟವೂ ಅಂಥದೇ ಕುಣಿತ. ಹಾಂಗ್‌ಕಾಂಗ್‌ನ ಪ್ರಸಿದ್ಧ ನಟ ಜಾಕಿ ಚಾನ್ ಚಿಕ್ಕಂದಿನಲ್ಲಿ ಕಲಿತದ್ದು ಚೀನಾದ ಸಾಂಪ್ರದಾಯಿಕ ಸಂಗೀತ ನಾಟಕದ ಶಾಲೆಯಲ್ಲಿ. ಹಾಡು, ಅಭಿನಯ, ಲಾಗ ಹಾಕುವುದು, ಕತ್ತಿವರಸೆ ಎಲ್ಲವನ್ನೂ ಅಲ್ಲಿ ಒಟ್ಟಿಗೆ ಕಲಿಸುತ್ತಿದ್ದರು.

ಬ್ರೂಸ್ ಲೀ ಮತ್ತು ಒಂದು ಅಂಗುಲದ ಗುದ್ದು

ನಟನೂ ಆಗಿ, ನಿಜವಾದ ಕಲಿಯೂ ಆಗಿದ್ದವರು ಇದ್ದಾರೆಯೆ? ಇದ್ದಾರೆ. ಬ್ರೂಸ್ ಲೀ ಅಂಥವರು. ಅವರು 1940ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿ, ಹಾಂಗ್‌ಕಾಂಗ್‌ನಲ್ಲಿ ಬೆಳೆದರು. ಇಪ್ ಮಾನ್ ಎಂಬ ಗುರುಗಳ ಬಳಿ ವಿಂಗ್ ಚುನ್ ಎಂಬ ಸಮರಕಲೆ ಕಲಿತರು. 1958ರಲ್ಲಿ ಹಾಂಗ್‌ಕಾಂಗ್‌ನ ಒಂದು ನೃತ್ಯಸ್ಪರ್ಧೆಯನ್ನೂ ಗೆದ್ದಿದ್ದರು! 1973ರಲ್ಲಿ, 32ನೇ ವಯಸ್ಸಿನಲ್ಲಿ ತೀರಿಕೊಂಡರು.

1964ರಲ್ಲಿ ಅಮೆರಿಕದ ಲಾಂಗ್ ಬೀಚ್‌ನಲ್ಲಿ ನಡೆದ ಕರಾಟೆ ಸ್ಪರ್ಧೆಯ ವೇದಿಕೆಯಲ್ಲಿ ಅವರು ಒಂದು ಪ್ರದರ್ಶನ ನೀಡಿದರು. ಎದುರಿಗೆ ನಿಂತವರ ಎದೆಯಿಂದ ಸುಮಾರು ಒಂದು ಅಂಗುಲ ದೂರದಲ್ಲಿ ಮುಷ್ಟಿ ಇಟ್ಟು, ಕೈ ಹಿಂದಕ್ಕೆ ಎಳೆಯದೆ ಗುದ್ದಿದರು. ಆ ವ್ಯಕ್ತಿ ಹಿಂದಕ್ಕೆ ಮುಗ್ಗರಿಸಿ, ಹಿಂದೆ ಇಟ್ಟಿದ್ದ ಕುರ್ಚಿಯ ಮೇಲೆ ಕುಸಿದು ಕುಳಿತರು.

ಇದು ತಂತಿಯ ಆಟವಲ್ಲ. ಹಾಗೆಂದು ಮಂತ್ರವೂ ಅಲ್ಲ. ಬ್ರೂಸ್ ಲೀ ಕೇವಲ ಕೈಯಿಂದ ಗುದ್ದಲಿಲ್ಲ. ಕಾಲು, ಸೊಂಟ, ಭುಜ, ಮೊಣಕೈ ಎಲ್ಲವೂ ಒಂದೇ ಕ್ಷಣದಲ್ಲಿ ನೆಟ್ಟಗಾದವು. ಅರ್ಧ ಗುದ್ದು, ಅರ್ಧ ತಳ್ಳು. ಇದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು. ಎದುರಿಗೆ ನಿಂತವರು ಹಾರಲಿಲ್ಲ ಎಂಬುದನ್ನೂ ಗಮನಿಸಿ. ಅವರು ಸಮತೋಲ ತಪ್ಪಿ ಹಿಂದಕ್ಕೆ ಹೋದರು, ಅಷ್ಟೆ.

ಸಮತೋಲ ಎಂದರೇನು? ಒಂದು ಬೆಂಕಿಪೊಟ್ಟಣವನ್ನು ಉದ್ದಕ್ಕೆ ನಿಲ್ಲಿಸಿ, ಮೇಲ್ತುದಿಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ. ಬಿದ್ದುಹೋಯಿತು. ಈಗ ಅದನ್ನೇ ಅಗಲಕ್ಕೆ ಮಲಗಿಸಿ ತಳ್ಳಿ. ಬೀಳುವುದಿಲ್ಲ, ಸರಿಯುತ್ತದೆ ಅಷ್ಟೆ. ತಳ ಅಗಲವಾಗಿದ್ದು ಗುರುತ್ವ ಕೇಂದ್ರ ಕೆಳಗಿದ್ದರೆ ವಸ್ತು ಸುಲಭವಾಗಿ ಉರುಳುವುದಿಲ್ಲ. ಜಾತ್ರೆಯ ಕುಸ್ತಿ ನೋಡಿರುವವರು ನೆನಪಿಸಿಕೊಳ್ಳಿ. ಪೈಲ್ವಾನರು ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ, ಮುಂದಕ್ಕೆ ಬಾಗಿ ನಿಲ್ಲುತ್ತಾರೆ. ಹೀರೋನ ಹಾಗೆ ಎದೆ ಸೆಟೆಸಿ ಯಾರೂ ನಿಲ್ಲುವುದಿಲ್ಲ. ನಿಂತರೆ ಮೊದಲ ಪಟ್ಟಿಗೇ ಬೆನ್ನು ಮಣ್ಣಿಗೆ!

ನೋಡಿ ತಡೆಯಲು ಸಮಯವಿದೆಯೆ?

ಹೀರೋ ಪ್ರತಿ ಗುದ್ದನ್ನೂ ನೋಡಿ ನೋಡಿ ತಡೆಯುತ್ತಾನೆ. ಅದೂ ಹತ್ತು ಜನರದ್ದು. ಇದು ಸಾಧ್ಯವೆ? ಅಳೆದು ನೋಡಿ.

30 ಸೆಂಟಿಮೀಟರಿನ ಅಳತೆಪಟ್ಟಿಯನ್ನು ನಿಮ್ಮ ಗೆಳೆಯ ಅಥವಾ ಗೆಳತಿ ಮೇಲ್ತುದಿಯಲ್ಲಿ ಹಿಡಿದುಕೊಳ್ಳಲಿ. ಸೊನ್ನೆಯ ಗುರುತು ಕೆಳಗಿರಲಿ. ನೀವು ಅದರ ಕೆಳತುದಿಯ ಎರಡೂ ಬದಿಗೆ ಹೆಬ್ಬೆರಳು ಮತ್ತು ತೋರುಬೆರಳನ್ನು ತಾಗಿಸದೆ ಇಟ್ಟುಕೊಳ್ಳಿ. ಅವರು ಹೇಳದೆ ಪಟ್ಟಿಯನ್ನು ಬಿಡಬೇಕು. ನೀವು ಥಟ್ಟನೆ ಹಿಡಿಯಬೇಕು. ನಿಮ್ಮ ಬೆರಳು ಎಷ್ಟನೇ ಸೆಂಟಿಮೀಟರಿನಲ್ಲಿದೆ ನೋಡಿ.

10 ಸೆಂ.ಮೀ. ಆದರೆ 0.14 ಸೆಕೆಂಡು
15 ಸೆಂ.ಮೀ. ಆದರೆ 0.17 ಸೆಕೆಂಡು
20 ಸೆಂ.ಮೀ. ಆದರೆ 0.20 ಸೆಕೆಂಡು
25 ಸೆಂ.ಮೀ. ಆದರೆ 0.23 ಸೆಕೆಂಡು
30 ಸೆಂ.ಮೀ. ಆದರೆ 0.25 ಸೆಕೆಂಡು

ಇದು ನಿಮ್ಮ ಪ್ರತಿಕ್ರಿಯಾ ಕಾಲ. ಕಣ್ಣು ನೋಡಿ, ಮಿದುಳಿಗೆ ತಿಳಿಸಿ, ಮಿದುಳು ಕೈಗೆ ಆಜ್ಞೆ ಕೊಡಲು ಇಷ್ಟು ಸಮಯ ಬೇಕು. ಬಹುಪಾಲು ಜನರಿಗೆ ಇದು 0.2 ಸೆಕೆಂಡಿನ ಆಸುಪಾಸು. ಸೆಕೆಂಡಿಗೆ 9 ಮೀಟರು ವೇಗದ ಮುಷ್ಟಿ ಅಷ್ಟರಲ್ಲಿ 1.8 ಮೀಟರು ಸಾಗುತ್ತದೆ. ಎದುರಾಳಿ ತೋಳಿನಷ್ಟು ದೂರದಲ್ಲಿದ್ದರೆ ನಿಮ್ಮ ಕೈ ಏಳುವ ಮೊದಲೇ ಪೆಟ್ಟು ಬಿದ್ದಾಗಿರುತ್ತದೆ!

ಆದ್ದರಿಂದ ನಿಜವಾದ ಕ್ರೀಡಾಪಟು ಮುಷ್ಟಿ ಬರಲೆಂದು ಕಾಯುವುದಿಲ್ಲ. ಎದುರಾಳಿಯ ಭುಜ, ಸೊಂಟ, ಪಾದಗಳ ಸಣ್ಣ ಅಲುಗಾಟ ನೋಡಿ ಮುಂದೇನೆಂದು ಊಹಿಸುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ ದೂರ ಕಾಯ್ದುಕೊಳ್ಳುತ್ತಾನೆ. ಒಬ್ಬನ ಮೇಲೇ ಇಷ್ಟು ಗಮನ ಬೇಕಾದರೆ ಹತ್ತು ಜನರ ಮಾತೇನು? ಸಿನಿಮಾದಲ್ಲಿ ಒಬ್ಬೊಬ್ಬರೇ ಸರದಿಯಂತೆ ಬಂದು ಹೊಡೆಸಿಕೊಳ್ಳುತ್ತಾರೆ. ನಿಜದಲ್ಲಿ ಯಾರೂ ಸರದಿಯಲ್ಲಿ ನಿಲ್ಲುವುದಿಲ್ಲ.

ಶಾಲೆಯಲ್ಲಿ ಕರಾಟೆ ಕಲಿತ ಹುಡುಗಿಯೊಬ್ಬಳು ಆಗ ಹೇಳಿದಳು: "ಸರ್, ನಮ್ಮ ಕರಾಟೆ ಮೇಡಂ ಮೊದಲು ಕಲಿಸಿದ್ದು ಹಿಡಿದ ಕೈ ಬಿಡಿಸಿಕೊಂಡು, ಕೂಗಿಕೊಂಡು ಓಡೋದನ್ನ." ಮೇಡಂ ಸರಿಯಾಗಿಯೇ ಹೇಳಿಕೊಟ್ಟಿದ್ದಾರೆ. ಓಡಿ ದೊಡ್ಡವರ ಬಳಿ ಸೇರುವುದು ಸೋಲಲ್ಲ.

ತೂಕ ಮತ್ತು ದಣಿವು

ಬಾಕ್ಸಿಂಗ್, ಕುಸ್ತಿ, ಜೂಡೋ ಸ್ಪರ್ಧೆಗಳಲ್ಲಿ ಸಮಾನ ತೂಕದವರನ್ನೇ ಎದುರುಬದುರು ನಿಲ್ಲಿಸುತ್ತಾರೆ. ತೂಕ ಹೆಚ್ಚಿದ್ದರೆ ಸಂವೇಗ ಹೆಚ್ಚು, ಉರುಳಿಸುವುದೂ ಕಷ್ಟ. ಈ ನಿಯಮ ಎಷ್ಟು ಕಟ್ಟುನಿಟ್ಟು ಗೊತ್ತೆ? 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ವಿನೇಶ್ ಫೋಗಟ್ ಅವರು 50 ಕಿ.ಗ್ರಾಂ ವಿಭಾಗದ ಕುಸ್ತಿಯಲ್ಲಿ ಅಂತಿಮ ಪಂದ್ಯ ತಲುಪಿದ್ದರು. ಆ ದಿನ ಬೆಳಿಗ್ಗೆ ತೂಕ ಕೇವಲ 100 ಗ್ರಾಂ ಹೆಚ್ಚಿತ್ತು. ಅಷ್ಟಕ್ಕೇ ಅವರನ್ನು ಸ್ಪರ್ಧೆಯಿಂದ ಅನರ್ಹಗೊಳಿಸಲಾಯಿತು.

ದಣಿವನ್ನೂ ಮರೆಯಬೇಡಿ. ಒಲಿಂಪಿಕ್ ಬಾಕ್ಸಿಂಗ್ ಪಂದ್ಯವೆಂದರೆ ಮೂರು ನಿಮಿಷದ ಮೂರು ಸುತ್ತು, ನಡುವೆ ವಿಶ್ರಾಂತಿ. ವರ್ಷಗಟ್ಟಲೆ ಅಭ್ಯಾಸ ಮಾಡಿದವರೂ ಅಷ್ಟರಲ್ಲಿ ಏದುಸಿರು ಬಿಡುತ್ತಾರೆ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಒಬ್ಬರ ತಲೆಯಿಂದ ರಕ್ತ ಬಂದ ಕೂಡಲೇ ಕಾಳಗ ನಿಲ್ಲುತ್ತದೆ. ಬಹಳ ಸಲ ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತದೆ. ನಿಜವಾದ ಹೋರಾಟದಲ್ಲಿ ನಿಲ್ಲಿಸುವವರು ಇರುತ್ತಾರೆ, ನಿಯಮ ಇರುತ್ತದೆ.

ತಲೆಯೊಳಗೆ ಏನಾಗುತ್ತದೆ?

ಈಗ ವಿಲನ್ ಆಗಿದ್ದ ಹುಡುಗನ ವಿಷಯಕ್ಕೆ ಬರೋಣ. ಕಲ್ಲಿಗೆ ಬಡಿದದ್ದು ತಲೆಯ ಹೊರಭಾಗ. ರಕ್ತವೂ ಬರಲಿಲ್ಲ. ಮತ್ತೆ ವಾಂತಿ ಏಕೆ?

ಓಡುವ ಬಸ್ಸು ಥಟ್ಟನೆ ನಿಂತರೆ ನೀವು ಮುಂದಕ್ಕೆ ಮುಗ್ಗರಿಸುತ್ತೀರಿ. ಬಸ್ಸು ನಿಂತರೂ ನಿಮ್ಮ ದೇಹ ಚಲಿಸುತ್ತಲೇ ಇರುತ್ತದೆ. ಇದು ಜಡತ್ವ. ತಲೆಬುರುಡೆ ಎಂಬ ಬಸ್ಸಿನೊಳಗೆ ಮಿದುಳು ಎಂಬ ಪ್ರಯಾಣಿಕ ಇದ್ದಾನೆ. ದೊಡ್ಡವರ ಮಿದುಳು ಸುಮಾರು 1.4 ಕಿ.ಗ್ರಾಂ ಇರುತ್ತದೆ. ಅದು ಬಹಳ ಮೆತ್ತಗಿದ್ದು, ತೆಳುವಾದ ದ್ರವದಲ್ಲಿ ತೇಲುತ್ತಿರುತ್ತದೆ. ತಲೆ ಕಲ್ಲಿಗೆ ಬಡಿದು ಥಟ್ಟನೆ ನಿಂತಾಗ ಮಿದುಳು ಒಳಗೆ ಅಲುಗಾಡುತ್ತದೆ, ಬುರುಡೆಗೆ ತಾಗುತ್ತದೆ. ಅದರ ನರತಂತುಗಳು ಜಗ್ಗಿಹೋಗುತ್ತವೆ. ಕೆಲವೊಮ್ಮೆ ರಕ್ತನಾಳ ಹರಿದು ಒಳಗೇ ರಕ್ತ ತುಂಬುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ.

ಸಿನಿಮಾದಲ್ಲಿ ಕಬ್ಬಿಣದ ಸಲಾಕೆಯಿಂದ ತಲೆಗೆ ಹೊಡೆದರೆ ಹೀರೋ ಮೂರ್ಛೆ ಹೋಗಿ, ಮುಖಕ್ಕೆ ನೀರು ಚಿಮುಕಿಸಿದಾಗ ಎದ್ದು ಮತ್ತೆ ಹೊಡೆದಾಡುತ್ತಾನೆ. ಇದು ಎಲ್ಲಕ್ಕಿಂತ ದೊಡ್ಡ ಸುಳ್ಳು. ಪೆಟ್ಟಿನಿಂದ ಎಚ್ಚರ ತಪ್ಪಿದರೆ ಮಿದುಳಿಗೆ ಗಾಯವಾಗಿದೆ ಎಂದೇ ಅರ್ಥ.

ಪಳಗಿದವರಿಗೂ ಈ ನಿಯಮ ವಿನಾಯಿತಿ ಕೊಡುವುದಿಲ್ಲ. 1980ರ ದಶಕದಲ್ಲಿ ಅಂದಿನ ಯುಗೊಸ್ಲಾವಿಯ ದೇಶದಲ್ಲಿ 'ಆರ್ಮರ್ ಆಫ್ ಗಾಡ್' ಚಿತ್ರೀಕರಣದ ವೇಳೆ ಜಾಕಿ ಚಾನ್ ಮರಕ್ಕೆ ಜಿಗಿದಾಗ ಕೊಂಬೆ ಮುರಿಯಿತು. ಕೆಳಗೆ ಬಿದ್ದು ತಲೆಬುರುಡೆ ಒಡೆದು, ತುರ್ತು ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ನಮ್ಮಲ್ಲೇ 2016ರ ನವೆಂಬರ್‌ನಲ್ಲಿ, ಬೆಂಗಳೂರಿನ ಹತ್ತಿರದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ, ಕನ್ನಡ ಚಿತ್ರವೊಂದಕ್ಕಾಗಿ ಹೆಲಿಕಾಪ್ಟರ್‌ನಿಂದ ನೀರಿಗೆ ಜಿಗಿದ ಇಬ್ಬರು ನಟರು ಮುಳುಗಿ ಪ್ರಾಣ ಕಳೆದುಕೊಂಡರು. ಪರದೆಯ ಮೇಲೆ ನಮಗೆ ಕಾಣುವುದು ಸರಿಯಾಗಿ ಮುಗಿದ ಸಾಹಸ ಮಾತ್ರ.

ನೆನಪಿಡಿ: ತಲೆಗೆ ಪೆಟ್ಟಾದರೆ

ಆಟದಲ್ಲಿ ತಲೆಗೆ ಪೆಟ್ಟು ಬಿದ್ದರೆ ತಕ್ಷಣ ಮನೆಯವರಿಗೆ ಅಥವಾ ಶಿಕ್ಷಕರಿಗೆ ಹೇಳಿ. ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಪೆಟ್ಟು ತಿಂದ ಗೆಳೆಯ "ಹೇಳಬೇಡ" ಎಂದರೂ ನೀವು ಹೇಳಿ. ಕೆಳಗಿನವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

• ಎಚ್ಚರ ತಪ್ಪುವುದು, ಕ್ಷಣಹೊತ್ತಾದರೂ ಸರಿ
• ವಾಂತಿಯಾಗುವುದು
• ತಲೆನೋವು ಹೆಚ್ಚುತ್ತಾ ಹೋಗುವುದು
• ಮಂಪರು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು
• ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಮಾತು ತೊದಲುವುದು
• ಮೂಗು ಅಥವಾ ಕಿವಿಯಿಂದ ರಕ್ತ ಇಲ್ಲವೆ ನೀರು ಸೋರುವುದು
• ಫಿಟ್ಸ್ ಬರುವುದು

ಮೊದಲ ಪಾಠ: ಬೀಳುವುದು

ಜೂಡೋ ಕಲೆಯನ್ನು 1882ರಲ್ಲಿ ಜಪಾನಿನಲ್ಲಿ ರೂಪಿಸಿದ ಜಿಗೊರೊ ಕಾನೊ ಒಬ್ಬ ಶಿಕ್ಷಕರು. ಜೂಡೋ ತರಗತಿಯಲ್ಲಿ ಮೊದಲು ಹೇಳಿಕೊಡುವುದು ಎದುರಾಳಿಯನ್ನು ಬೀಳಿಸುವುದನ್ನಲ್ಲ, ತಾನು ಬೀಳುವುದನ್ನು! ಗದ್ದವನ್ನು ಎದೆಗೆ ಒತ್ತಿ, ಬೆನ್ನು ದುಂಡಗೆ ಮಾಡಿ, ಉರುಳುತ್ತಾ ಬೀಳಬೇಕು. ಆಗ ತಲೆ ನೆಲಕ್ಕೆ ತಾಗುವುದಿಲ್ಲ. ಪೆಟ್ಟು ಹೆಚ್ಚು ಜಾಗಕ್ಕೆ, ಹೆಚ್ಚು ಸಮಯಕ್ಕೆ ಹಂಚಿಹೋಗುತ್ತದೆ. ಕ್ರಿಕೆಟ್ ಚೆಂಡು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀರಲ್ಲ, ಅದೇ ಉಪಾಯ. ಇದನ್ನು ಗುರುಗಳ ಮುಂದೆ, ಹಾಸಿಗೆಯ ಮೇಲೆ ಮಾತ್ರ ಕಲಿಯಬೇಕು.

ಕರಾಟೆ, ಕುಸ್ತಿ, ಜೂಡೋ ಕಲಿಯುವುದು ಒಳ್ಳೆಯದೇ. ಮೈ ಗಟ್ಟಿಯಾಗುತ್ತದೆ, ಮನಸ್ಸಿಗೆ ಧೈರ್ಯ ಬರುತ್ತದೆ. ಆದರೆ ಗರಡಿಯಲ್ಲಿ ಪಳಗಿದವರು ಬೀದಿಯಲ್ಲಿ ಕೈ ಎತ್ತುವುದು ಅಪರೂಪ. ಒಂದು ಪೆಟ್ಟು ಏನು ಮಾಡಬಲ್ಲದು ಎಂದು ಅವರಿಗೆ ಗೊತ್ತಿರುತ್ತದೆ.

ಕೊನೆಗೊಂದು ಸಂತೋಷದ ಸುದ್ದಿ. ಆ ವರ್ಷದ ಮಕ್ಕಳ ದಿನಾಚರಣೆಯಲ್ಲಿ ಅದೇ ಇಬ್ಬರು ಗೆಳೆಯರು ವೇದಿಕೆಯ ಮೇಲೆ ಫೈಟಿಂಗ್ ಮಾಡಿದರು. ಇಬ್ಬರ ನಡುವೆ ಒಂದು ಮೀಟರು ಅಂತರ. ಒಬ್ಬ ಕೈ ಬೀಸಿದರೆ ಇನ್ನೊಬ್ಬ ತಲೆ ತಿರುಗಿಸುತ್ತಿದ್ದ. ಪರದೆಯ ಹಿಂದೆ ಕುಳಿತ ಹುಡುಗಿಯರು ಬಿಸಿಯೂಟದ ತಟ್ಟೆಗೆ ಸೌಟಿನಿಂದ ಬಡಿದು ಸದ್ದು ಕೊಡುತ್ತಿದ್ದರು. ಒಂದು ಸಲ ತಟ್ಟೆಯ ಸದ್ದು ಮೊದಲು ಬಂತು, ಗುದ್ದು ಆಮೇಲೆ ಬಂತು! ಊರಿನವರೆಲ್ಲ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ವಿಲನ್ನನ ತಾಯಿಯೂ ನಕ್ಕರು. ಯಾರೂ ಬೀಳಲಿಲ್ಲ.

ಯೋಚಿಸಿ, ಉತ್ತರಿಸಿ

1. 50 ಕಿ.ಗ್ರಾಂ ದ್ರವ್ಯರಾಶಿಯ ವ್ಯಕ್ತಿಗೆ ಒಲಿಂಪಿಕ್ ಬಾಕ್ಸರ್ ಗುದ್ದಿದರೆ ಅವನಿಗೆ ಬರುವ ಹೆಚ್ಚಿನ ವೇಗ ಎಷ್ಟು? ನಡಿಗೆಯ ವೇಗದೊಡನೆ ಹೋಲಿಸಿ.
2. ನಿಮ್ಮ ತರಗತಿಯ ಎಲ್ಲರ ಪ್ರತಿಕ್ರಿಯಾ ಕಾಲ ಅಳೆದು ಪಟ್ಟಿ ಮಾಡಿ. ಬೆಳಿಗ್ಗೆಗೂ ಊಟದ ನಂತರಕ್ಕೂ ವ್ಯತ್ಯಾಸ ಇದೆಯೆ?
3. ಮುಂದಿನ ಸಲ ಸಿನಿಮಾ ನೋಡುವಾಗ ಒಂದು ಹೊಡೆದಾಟದ ದೃಶ್ಯ ಆರಿಸಿ. ತಂತಿ, ಕ್ಯಾಮೆರಾ ಕೋನ, ಜೋಡಿಸಿದ ಸದ್ದು ಎಲ್ಲೆಲ್ಲಿ ಇರಬಹುದೆಂದು ಗುರುತಿಸಿ, ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ.